ಕಪ್ಪು-ಬಿಳುಪು ಸಿನೆಮಾಕ್ಕೆ ಮನೆಯ ಎಚ್‌ಡಿಯಿಂದ ಲಾಭವಿದೆಯೇ?

ಮಂಗಳೂರು, ಉಡುಪಿಯ ಹಳೆಯ ಟಾಕೀಸುಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿವೆ. ಮಾಲ್‌ಗಳ ಮಲ್ಟಿಪ್ಲೆಕ್ಸುಗಳಲ್ಲಿ ಫಿಲ್ಮ್ ಓಡಿಸುವ ಪ್ರೊಜೆಕ್ಟರೇ ಇಲ್ಲ. 1975ರ ‘ಚೋಮನ ದುಡಿ’ ಇರಲಿ, 1971ರ ‘ಎನ್ನ ತಂಗಡಿ’ಯಿಂದ ಶುರುವಾದ ತುಳು ಸಿನೆಮಾಗಳಿರಲಿ, ಇನ್ನು ಕಾಣಸಿಗುವುದಿದ್ದರೆ ಚಾವಡಿಯ ಟಿವಿಯಲ್ಲೇ. ಅಂಥ ಚಿತ್ರಗಳು ಹೈ ಡೆಫಿನಿಷನ್ (ಎಚ್‌ಡಿ) ಡಿಸ್ಕ್ ಆಗಿಯೋ ಸ್ಟ್ರೀಮಿಂಗ್‌ನಲ್ಲೋ ಮನೆಗೆ ಬಂದರೆ ಅವಕ್ಕೆ ಒಳ್ಳೆಯದಾಗುತ್ತದೆಯೇ? ಬಲ್ಲವರಿಬ್ಬರ ಉತ್ತರ ಇಲ್ಲಿದೆ.

ಪರ: ಬೂದುಬಣ್ಣದ ಲೆಕ್ಕ

ಬಣ್ಣವೇ ಇಲ್ಲದ ಚಿತ್ರಕ್ಕೆ ಎಚ್‌ಡಿ ಯಾಕೆ ಎಂದು ಕೇಳುವವರಿದ್ದಾರೆ. ಬಣ್ಣ ಇಲ್ಲದ್ದರಿಂದಲೇ ಬೇಕು. ಬಣ್ಣದ ಚಿತ್ರದಲ್ಲಿ ಕೆಂಪು ಸೀರೆ ಹಸಿರು ಗದ್ದೆಯಿಂದ ತಾನಾಗಿ ಬೇರೆಯಾಗಿ ನಿಲ್ಲುತ್ತದೆ. ಚಿತ್ರ ಎಷ್ಟೇ ಮಸುಕಾಗಿದ್ದರೂ ಕಣ್ಣು ಬಣ್ಣ ಹಿಡಿದು ದಾರಿ ಕಂಡುಕೊಳ್ಳುತ್ತದೆ. ಕಪ್ಪು-ಬಿಳುಪಿನಲ್ಲಿ ಆ ಕೆಂಪೂ ಆ ಹಸಿರೂ ಹೆಚ್ಚುಕಡಿಮೆ ಒಂದೇ ಬೂದು. ಅವೆರಡನ್ನು ಬೇರ್ಪಡಿಸುವುದು ನೇಯ್ಗೆಯ ಎಳೆ, ಪೈರಿನ ಗರಿ, ಅಂಚಿಗೆ ಬಿದ್ದ ಬೆಳಕು. ಈ ಸಣ್ಣ ಸಣ್ಣ ಅಂತರಗಳು ಹೋದರೆ ಚಿತ್ರದ ಅರ್ಧ ಹೋದಂತೆ. ಮಸಿ ಹಿಡಿದ ಅಡುಗೆಕೋಣೆಯ ಗೋಡೆಗೆ ಒರಗಿದವರ ತಲೆಕೂದಲು ವಿಸಿಡಿಯಲ್ಲಿ ಗೋಡೆಯೊಳಗೇ ಸೇರಿಹೋಗುವುದು ಇದರಿಂದ.

ನಮ್ಮಲ್ಲಿ ಹಳೆಯ ಕನ್ನಡ ಚಿತ್ರಗಳು ಮನೆಮನೆಗೆ ಬಂದದ್ದು ವಿಸಿಡಿಯಲ್ಲಿ. ಅಡ್ಡಕ್ಕೆ 352, ಎತ್ತರಕ್ಕೆ 288, ಒಟ್ಟು ಲಕ್ಷ ಚುಕ್ಕೆ (ಪಿಕ್ಸೆಲ್). ಡಿವಿಡಿ ಎಂದರೆ 720ಕ್ಕೆ 576, ಸುಮಾರು 4.15 ಲಕ್ಷ. ಬ್ಲೂ-ರೇ ಎಂಬ ಎಚ್‌ಡಿ ಡಿಸ್ಕಿನಲ್ಲಿ 4:3 ಅಳತೆಯ ಹಳೆಯ ಚಿತ್ರ ಎರಡು ಬದಿಗೂ ಕಪ್ಪು ಪಟ್ಟಿ ಬಿಟ್ಟು 1440ಕ್ಕೆ 1080ರಲ್ಲಿ ಕೂರುತ್ತದೆ, ಅಂದರೆ 15.5 ಲಕ್ಷ. 35 ಎಂಎಂ ಕ್ಯಾಮೆರಾ ನೆಗೆಟಿವ್‌ನಲ್ಲಿರುವುದು ಇದಕ್ಕಿಂತಲೂ ಹೆಚ್ಚು. ಆ ಕಾಲದ ಛಾಯಾಗ್ರಾಹಕ ಹಿಡಿದಿಟ್ಟದ್ದಕ್ಕೂ ನಮ್ಮ ಕಣ್ಣಿಗೂ ನಡುವೆ ಇಷ್ಟು ವರ್ಷ ಅಡ್ಡ ನಿಂತದ್ದು ಫಿಲ್ಮ್ ಅಲ್ಲ, ಡಿಸ್ಕು.

ಕಪ್ಪು-ಬಿಳುಪಿನ ಪಾಲಿಗೆ ಇನ್ನೊಂದು ಅದೃಷ್ಟವೂ ಇದೆ. ಬಣ್ಣದ ಫಿಲ್ಮಿನಲ್ಲಿ ಚಿತ್ರ ನಿಂತಿರುವುದು ರಾಸಾಯನಿಕ ವರ್ಣದ ಮೇಲೆ. ಅದು ವರ್ಷ ಕಳೆದಂತೆ ಮಾಸುತ್ತದೆ. 70ರ ದಶಕದ ಎಷ್ಟೋ ಪ್ರಿಂಟುಗಳು ಗುಲಾಬಿಗೆ ತಿರುಗಿದ್ದು ಹಾಗೆ. ಕಪ್ಪು-ಬಿಳುಪಿನಲ್ಲಿ ಚಿತ್ರವೆಂದರೆ ಬೆಳ್ಳಿಯ ಕಣ. ಲ್ಯಾಬಿನಲ್ಲಿ ಬಳಸಿದ ಹೈಪೋ ಎಂಬ ರಾಸಾಯನಿಕ ಸರಿಯಾಗಿ ತೊಳೆದುಹೋಗಿದ್ದರೆ, ಮತ್ತೆ ಒಣ ತಂಪಿನಲ್ಲಿ ಇಟ್ಟಿದ್ದರೆ ಅರ್ಧ ಶತಮಾನದ ಮೇಲೂ ಅದರ ಗಾಢತೆ ಕುಂದುವುದಿಲ್ಲ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನೇ ನೋಡಿ. ನಿರ್ಮಾಪಕರು ಮೂಲ್ಕಿಯ ಸದಾನಂದ ಸುವರ್ಣ, ಸಂಗೀತ ಬಂಟ್ವಾಳದ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರದು, ಕ್ಯಾಮೆರಾ ಎಸ್. ರಾಮಚಂದ್ರ ಅವರದು, ನಮ್ಮ ಕರಾವಳಿಗೂ ಅದರಲ್ಲಿ ಪಾಲಿದೆ ಎನ್ನಲಡ್ಡಿಯಿಲ್ಲ. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವಿನಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ಅದನ್ನು ಹಳೆಯ ಚಿತ್ರಗಳನ್ನು ಉಳಿಸುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಸೇರಿ 4ಕೆಗೆ (ಅಡ್ಡಕ್ಕೆ ಸುಮಾರು 4000 ಚುಕ್ಕೆ) ತಂದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆಯ ಮೇಲೆ ಅದು ಹೊಸದಾಗಿ ಮೂಡಿತು. ಅಂಥ ಕೆಲಸವನ್ನು ಮತ್ತೆ ವಿಸಿಡಿಯ ಲಕ್ಷ ಚುಕ್ಕೆಗೆ ಇಳಿಸಿ ಜನರಿಗೆ ಕೊಡುವುದೇ?

ಫಿಲ್ಮಿನ ಕಣವನ್ನು ಕೊಳೆ ಎಂದು ತಿಳಿದವರು ಬಹಳ. ಪರದೆಯ ಮೇಲೆ ಮಿಣಮಿಣ ಆಡುವ ಆ ಕಣವೇ ಚಿತ್ರದ ಮೈ. ಡಿವಿಡಿಯ ಎಂಪೆಗ್-2 ವಿಧಾನಕ್ಕೆ ಅದು ದೊಡ್ಡ ಮಂಡೆಬಿಸಿ. ವೀಡಿಯೋ ಕಿರಿದಾಗಿಸುವ ಇಂಥ ವಿಧಾನಗಳು ಒಂದು ಫ್ರೇಮಿನ ಆಧಾರದ ಮೇಲೆ ಮುಂದಿನ ಫ್ರೇಮನ್ನು ಊಹಿಸುತ್ತವೆ. ಕಣ ಫ್ರೇಮಿನಿಂದ ಫ್ರೇಮಿಗೆ ಪೂರ್ತಿ ಬೇರೆ ಜಾಗದಲ್ಲಿರುವುದರಿಂದ ಊಹೆ ಪ್ರತಿ ಸಲವೂ ತಪ್ಪುತ್ತದೆ. ತಪ್ಪನ್ನು ಸರಿಪಡಿಸಲು ಹೆಚ್ಚು ಬಿಟ್, ಅಂದರೆ ಮಾಹಿತಿಗೆ ಹೆಚ್ಚು ಜಾಗ, ಬೇಕು. ಡಿವಿಡಿಯಲ್ಲಿ ಚಿತ್ರಕ್ಕೆ ಸಿಗುವುದು ಹೆಚ್ಚೆಂದರೆ ಸೆಕೆಂಡಿಗೆ 9.8 ಮೆಗಾಬಿಟ್, ಬಳಕೆಯಲ್ಲಿ ಐದಾರು. ಆಗ ಕಣವೆಲ್ಲ ಚೌಕ ಚೌಕವಾಗಿ ಹೆಪ್ಪುಗಟ್ಟುತ್ತದೆ; ಆಕಾಶ, ಸುಣ್ಣ ಬಳಿದ ಗೋಡೆ, ಮುಖದ ನೆರಳಿನ ಬದಿ ಮೂರೂ ಕೊಳಕಾಗುತ್ತವೆ. ಬ್ಲೂ-ರೇಯಲ್ಲಿ ಚಿತ್ರಕ್ಕೆ 40 ಮೆಗಾಬಿಟ್‌ವರೆಗೂ ಜಾಗವಿದೆ, ಎಚ್.264 ವಿಧಾನವೂ ಹೆಚ್ಚು ಚುರುಕು. 30ರಲ್ಲಿ ಹಾಕಿದರೂ 2 ಗಂಟೆಯ ಚಿತ್ರ 27 ಜಿಬಿ ಆಗುತ್ತದೆ, 50 ಜಿಬಿ ಡಿಸ್ಕಿನಲ್ಲಿ ಆರಾಮವಾಗಿ ಹಿಡಿಯುತ್ತದೆ. ಕಣ ಕಣವಾಗಿಯೇ ಉಳಿಯುತ್ತದೆ.

ಚುಕ್ಕೆಯ ಲೆಕ್ಕ ಮಾಡುವವರು ವೇಗದ ವಿಷಯವನ್ನು ಮರೆತುಬಿಡುತ್ತಾರೆ. ಫಿಲ್ಮ್ ಓಡುವುದು ಸೆಕೆಂಡಿಗೆ 24 ಫ್ರೇಮ್. ನಮ್ಮ ಟಿವಿಗಳ ಪಾಲ್ ಪದ್ಧತಿಯ ವೀಡಿಯೋ ಓಡುವುದು 25ರಲ್ಲಿ. ಸುಲಭದ ದಾರಿ ಎಂದು ಚಿತ್ರವನ್ನೇ ಒಂದಿಷ್ಟು ಜೋರಾಗಿ ಓಡಿಸುತ್ತಿದ್ದರು. 120 ನಿಮಿಷದ ಚಿತ್ರ 115 ನಿಮಿಷ 12 ಸೆಕೆಂಡಿಗೆ ಮುಗಿಯುತ್ತದೆ. ಧ್ವನಿಯನ್ನು ಬೇರೆಯಾಗಿ ಸರಿಪಡಿಸದಿದ್ದರೆ ಶ್ರುತಿ ಹಾರ್ಮೋನಿಯಂನ ಮುಕ್ಕಾಲು ಮನೆಯಷ್ಟು ಮೇಲೇರುತ್ತದೆ. ಯಕ್ಷಗಾನದ ಹಿಮ್ಮೇಳ ಕೇಳಿ ಬೆಳೆದ ಕಿವಿಗೆ ಇದು ತಿಳಿಯದೆ ಹೋಗುವುದಿಲ್ಲ: ಹಾಡು ತೆಳ್ಳಗೆ, ನಟರ ನಡಿಗೆ ಅವಸರದ್ದು. ಎನ್‌ಟಿಎಸ್‌ಸಿ (ಅಮೆರಿಕದ ಪದ್ಧತಿ) ಡಿವಿಡಿಗಳಲ್ಲಿ ಶ್ರುತಿ ಸರಿಯಿದ್ದರೂ ಒಂದು ಫ್ರೇಮ್ ಮೂರು ಪಾಲು, ಮುಂದಿನದು ಎರಡು ಪಾಲು ಹೊತ್ತು ನಿಲ್ಲುವುದರಿಂದ ಕ್ಯಾಮೆರಾ ನಿಧಾನಕ್ಕೆ ತಿರುಗುವಾಗ ಚಿತ್ರ ತಡವರಿಸುತ್ತದೆ. ಬ್ಲೂ-ರೇಯಲ್ಲಿ 24 ಫ್ರೇಮನ್ನು 24 ಆಗಿಯೇ ಇಡಬಹುದು. ಪ್ಲೇಯರಿನ ಸೆಟ್ಟಿಂಗ್‌ನಲ್ಲಿ 24ಪಿ ಔಟ್‌ಪುಟ್ ಆನ್ ಮಾಡಿರಬೇಕು, ಅಷ್ಟೇ.

ಮನೆಯ ಬಿಡುಗಡೆಯ ಆಸೆ ಇಲ್ಲದಿದ್ದರೆ ಪುನಶ್ಚೇತನಕ್ಕೆ ಕೈಹಾಕುವವರು ಕಡಿಮೆ. ಕೆಲಸದ ಗಾತ್ರ ಹಾಗಿದೆ. ಮೊದಲು ರೀಲನ್ನು ಬಿಚ್ಚಿ ಕೈಯಲ್ಲೇ ಪರೀಕ್ಷೆ: ಅಂಟು ಬಿಟ್ಟ ಜೋಡಣೆ, ಫಿಲ್ಮಿನ ಅಂಚಿನ ಹರಿದ ತೂತುಗಳು, ಫಿಲ್ಮ್ ಎಷ್ಟು ಕುಗ್ಗಿದೆ ಎಂಬ ಅಳತೆ. ಶೇ 1ಕ್ಕಿಂತ ಹೆಚ್ಚು ಕುಗ್ಗಿದ್ದರೆ ಹಲ್ಲಿನ ಚಕ್ರವಿರುವ ಯಂತ್ರಕ್ಕೆ ಕೊಡುವುದು ಅಪಾಯ, ತೂತುಗಳೇ ಕಿತ್ತುಬರುತ್ತವೆ. ರಿಪೇರಿಯಾದ ಮೇಲೆ ತೊಳೆಯುವುದು, ಆಮೇಲೆ ಸ್ಕ್ಯಾನ್. ಗೀರು ಬಿದ್ದ ಫಿಲ್ಮ್‌ಗೆ ವೆಟ್ ಗೇಟ್ ಬೇಕು. ಫಿಲ್ಮಿನ ಬುಡದ ಪದರದಂತೆಯೇ ಬೆಳಕನ್ನು ಬಾಗಿಸುವ ದ್ರವದಲ್ಲಿ ಅದನ್ನು ಹಾಯಿಸಿದರೆ ದ್ರವ ಗೀರಿನೊಳಗೆ ತುಂಬಿಕೊಂಡು ಗೀರು ಕಾಣದಾಗುತ್ತದೆ. ಬೆಳ್ಳಿ ಇರುವ ಬದಿಗೆ ಆಳವಾಗಿ ಬಿದ್ದ ಗೀರಿಗೆ ಮಾತ್ರ ಈ ಉಪಾಯ ಸಾಗದು. ಅದನ್ನು ಕಂಪ್ಯೂಟರಿನಲ್ಲಿ ಫ್ರೇಮ್ ಫ್ರೇಮ್ ತಿದ್ದಬೇಕು. 2 ಗಂಟೆಯ ಚಿತ್ರದಲ್ಲಿ 1,72,800 ಫ್ರೇಮ್. 4ಕೆಯಲ್ಲಿ ಒಂದೊಂದು ಫ್ರೇಮಿಗೆ 50 ಎಂಬಿ ಹಿಡಿದರೆ ಕಚ್ಚಾ ಸ್ಕ್ಯಾನ್ ಒಂದೇ 8.6 ಟೆರಾಬೈಟ್.

ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ ನೆಗೆಟಿವ್ 1993ರಲ್ಲಿ ಲಂಡನಿನ ಲ್ಯಾಬ್ ಒಂದಕ್ಕೆ ಬೆಂಕಿ ಬಿದ್ದಾಗ ಸುಟ್ಟಿತ್ತು. ಉಳಿದ ಸುಟ್ಟ ತುಂಡುಗಳನ್ನು ಬೊಲೊನ್ಯಾದ ಲ್ಯಾಬಿನಲ್ಲಿ ಮತ್ತೆ ಮೆತ್ತಗಾಗಿಸಿ, ತೂತುಗಳನ್ನು ಕೈಯಿಂದ ಕಟ್ಟಿ, ಸ್ಕ್ಯಾನ್ ಮಾಡಿದರು. ನೆಗೆಟಿವ್ ಇಲ್ಲದ ಕಡೆ ಬೇರೆ ಪ್ರತಿಗಳಿಂದ ತುಂಬಿದರು. 2015ರಲ್ಲಿ ಚಿತ್ರ ಮರಳಿ ಪರದೆಗೆ ಬಂತು. ಆ ಕೆಲಸದಲ್ಲಿ ಕೈಜೋಡಿಸಿದ್ದವರಲ್ಲಿ ಮನೆಗೆ ಡಿಸ್ಕ್ ಮಾರುವ ಕ್ರೈಟೀರಿಯನ್ ಒಂದು. ಡಿಸ್ಕಿನ ಮಾರುಕಟ್ಟೆ ಇಲ್ಲದಿದ್ದರೆ ಅವರು ಅಲ್ಲಿ ಇರುತ್ತಿರಲಿಲ್ಲ.

ಬೂದುಬಣ್ಣದ ಮೆಟ್ಟಿಲುಗಳ, ಅಂದರೆ ಕಪ್ಪಿನಿಂದ ಬಿಳುಪಿಗೆ ಹೋಗುವ ಹಂತಗಳ, ಮಾತಿಗೆ ಬರೋಣ. ಡಿವಿಡಿ, ಬ್ಲೂ-ರೇ ಎರಡರಲ್ಲೂ 8 ಬಿಟ್: ಕಪ್ಪಿಗೆ 16, ಬಿಳುಪಿಗೆ 235, ನಡುವೆ ಸೇರಿ 220 ಮೆಟ್ಟಿಲು. ಬಣ್ಣದ ಚಿತ್ರದಲ್ಲಿ ವರ್ಣದ ಎರಡು ಚಾನೆಲ್‌ಗಳೂ ಕೈಜೋಡಿಸುವುದರಿಂದ ಮೆಟ್ಟಿಲಿನ ಅಂಚು ಕಾಣದು. ಕಪ್ಪು-ಬಿಳುಪಿಗೆ ಆ 220 ಬಿಟ್ಟರೆ ಬೇರೆ ಗತಿ ಇಲ್ಲ. ದೃಶ್ಯ ನಿಧಾನ ಕತ್ತಲಾಗುವಾಗ, ದೀಪದ ಸುತ್ತ, ಸಂಜೆಯ ಕಡಲಿನ ಮೇಲಿನ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುವುದು ಇದಕ್ಕೇ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿನಲ್ಲಿ 10 ಬಿಟ್, ಮೆಟ್ಟಿಲು 877. 4ಕೆಯ ಚುಕ್ಕೆಗಳಿಗಾಗಿ ಅಲ್ಲದಿದ್ದರೂ ಈ ಒಂದು ಕಾರಣಕ್ಕೆ ಆ ಡಿಸ್ಕು ಕಪ್ಪು-ಬಿಳುಪಿಗೆ ಬೇಕು. ಹಾಸ್ಯಾಸ್ಪದ ಎನಿಸಬಹುದು, ಬಣ್ಣದ ಚಿತ್ರಕ್ಕಿಂತ ಇದಕ್ಕೇ ಅದರ ಅಗತ್ಯ ಹೆಚ್ಚು.

ಟಿವಿ ಸರಿಯಿಲ್ಲದಿದ್ದರೆ ಇದೆಲ್ಲ ನೀರಲ್ಲಿ ಹೋಮ. ಅಂಗಡಿಯಿಂದ ಬಂದ ಟಿವಿ ವಿವಿಡ್ ಮೋಡಿನಲ್ಲಿರುತ್ತದೆ, ಬಿಳುಪು ನೀಲಿಗೆ ತಿರುಗಿರುತ್ತದೆ. ಬಣ್ಣದ ಚಿತ್ರದಲ್ಲಿ ಇದು ಗಮನಕ್ಕೆ ಬಾರದು. ಕಪ್ಪು-ಬಿಳುಪಿನಲ್ಲಿ ಇಡೀ ಚಿತ್ರವೇ ನೀಲಿ. ಪಿಕ್ಚರ್ ಮೋಡ್ ಸಿನೆಮಾ ಅಥವಾ ಫಿಲ್ಮ್‌ಮೇಕರ್‌ಗೆ ಹಾಕಿ, ಬಣ್ಣದ ಉಷ್ಣತೆ ವಾರ್ಮ್‌ಗೆ. ಮೋಷನ್ ಎಂದು ಶುರುವಾಗುವುದನ್ನೆಲ್ಲ ಆಫ್ ಮಾಡಿ, ನಾಯ್ಸ್ ರಿಡಕ್ಷನ್ ಕೂಡ. ಶಾರ್ಪ್‌ನೆಸ್ ತಟಸ್ಥಕ್ಕೆ ಇಳಿಸಿ. ಕೆಲವು ಕಂಪೆನಿಗಳಲ್ಲಿ ತಟಸ್ಥ ಎಂದರೆ 0, ಕೆಲವದರಲ್ಲಿ 50. ಚಿತ್ರದ ಅಳತೆಯನ್ನು ಒರಿಜಿನಲ್ ಅಥವಾ ಜಸ್ಟ್ ಸ್ಕ್ಯಾನ್‌ಗೆ ಇಡಿ, ಇಲ್ಲದಿದ್ದರೆ ಅಂಚು ಕತ್ತರಿಸಿಹೋಗುತ್ತದೆ. ಕಪ್ಪು-ಬಿಳುಪಿಗೆ ಮಾತ್ರ ಸಲ್ಲುವ ಒಂದು ಉಪಾಯ: ಕಲರ್ ಎಂಬುದನ್ನು ಪೂರ್ತಿ 0ಗೆ ಇಳಿಸಿ. ಡಿಸ್ಕಿನಲ್ಲೇ ನುಸುಳಿದ ವರ್ಣದ ಕಲಮಲ ಮಾಯ. ಟಿವಿಯ ಸ್ವಂತ ನೀಲಿ ಇದರಿಂದ ಹೋಗದು, ಅದಕ್ಕೆ ವಾರ್ಮ್ ಒಂದೇ ಮದ್ದು.

ಹೊರದೇಶದ ಡಿಸ್ಕ್ ತರಿಸುವ ಮುನ್ನ ಪ್ರಾಂತ್ಯದ ಅಕ್ಷರ ನೋಡಿಕೊಳ್ಳಿ. ಭಾರತ ಬ್ಲೂ-ರೇಯ ಸಿ ಪ್ರಾಂತ್ಯದಲ್ಲಿದೆ, ಅಮೆರಿಕ ಎ, ಯುರೋಪು ಬಿ. ಎ ಎಂದು ಬೀಗ ಹಾಕಿದ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡುವುದಿಲ್ಲ, ದುಡ್ಡು ದಂಡ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ಈ ಬೀಗವಿಲ್ಲ. ಮನೆಯಲ್ಲಿ ಈಗಾಗಲೇ ಇರುವ ಡಿಸ್ಕುಗಳನ್ನು ಆಟಿಯ ಮಳೆ ತಿಂಗಳಲ್ಲಿ ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಬೂಷ್ಟು ಹಿಡಿದರೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಅಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಟ್ಟರೆ ಆ ಗೋಳೇ ಇಲ್ಲ.

ವಿರೋಧ: ಹೊರಗಿನ ಮುದ್ರೆ ಒಂದು, ಒಳಗಿನ ಸರಕು ಇನ್ನೊಂದು

‘ಘಟಶ್ರಾದ್ಧ’, ‘ಪಥೇರ್ ಪಾಂಚಾಲಿ’ಗಳ ಬಗ್ಗೆ ತಕರಾರಿಲ್ಲ. ಆದರೆ ಎಚ್‌ಡಿಯ ಪರ ಮಾತಾಡುವಾಗ ಯಾವಾಗಲೂ ಇಂಥ ನಾಲ್ಕು ಹೆಸರೇ ಬರುವುದೇಕೆ? ಅವು ಹೊರಗಿನ ಹಣ, ಹೊರಗಿನ ಲ್ಯಾಬು, ಪುಣ್ಯಕ್ಕೆ ಉಳಿದ ಮೂಲ ಸಾಮಗ್ರಿ ಇದ್ದ ಚಿತ್ರಗಳು. ಮನೆಗೆ ಎಚ್‌ಡಿ ಎಂದು ಬರುವ ಹಳೆಯ ಕನ್ನಡ, ತುಳು ಚಿತ್ರಗಳ ಹಾದಿ ಬೇರೆಯೇ. ನಮ್ಮಲ್ಲಿ ಮೂಲ ನೆಗೆಟಿವ್‌ನಿಂದಲೇ ನೇರ ಪ್ರಿಂಟ್ ತೆಗೆಯುವ ರೂಢಿ ಇತ್ತು. ಚಿತ್ರ ಓಡಿದಷ್ಟೂ ನೆಗೆಟಿವ್ ಸವೆಯುತ್ತಿತ್ತು. 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಉಳಿದೇ ಇಲ್ಲ. ನೆಗೆಟಿವ್ ಹೋದ ಮೇಲೆ ಕೈಯಲ್ಲಿ ಉಳಿಯುವುದು ಊರೂರು ಸುತ್ತಿ ಗೀರಾದ ಪ್ರಿಂಟು, ಇಲ್ಲವೇ ಟಿವಿ ಪ್ರಸಾರಕ್ಕೆಂದು ಮಾಡಿದ ಟೇಪು.

ಟೇಪಿನಲ್ಲಿರುವುದು 576 ಗೆರೆ, ಅದೂ ಬೆಸ ಗೆರೆ ಒಮ್ಮೆ, ಸರಿ ಗೆರೆ ಒಮ್ಮೆ. ಅದನ್ನು 1080ಕ್ಕೆ ಹಿಗ್ಗಿಸಿದರೆ ಫೈಲಿನ ಹೆಸರಿನಲ್ಲಿ 1080 ಬರುತ್ತದೆ, ಚಿತ್ರದಲ್ಲಿ ಒಂದು ಎಳೆಯೂ ಹೆಚ್ಚಾಗುವುದಿಲ್ಲ. ಗುರುತಿಸುವುದು ಕಷ್ಟವಲ್ಲ. ಯಾರಾದರೂ ಬೇಗ ಕೈ ಬೀಸುವ ಕಡೆ ನಿಲ್ಲಿಸಿ ನೋಡಿ: ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳಿದ್ದರೆ ಅದು ಟೇಪಿನ ಹುಟ್ಟು. ಹಂಚಿನ ಮಾಡಿನ ಓರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿದ್ದರೆ ಅದೂ ಅಷ್ಟೇ. ಬಯಲಿನ ಆಕಾಶದಲ್ಲಿ ಕಣದ ಸುಳಿವೇ ಇಲ್ಲದೆ ಗಾಜಿನಂತಿದ್ದು, ತೆಂಗಿನ ಗರಿಯ ಸುತ್ತ ಬಿಳಿ ಅಂಚು ಹೊಳೆಯುತ್ತಿದ್ದರೆ ಕೃತಕವಾಗಿ ಹರಿತ ಮಾಡಿದ್ದಾರೆ ಎಂದರ್ಥ.

ಇದಕ್ಕಿಂತ ದೊಡ್ಡ ಹಾನಿ ಶುಚಿಗೊಳಿಸುವ ತಂತ್ರಾಂಶದಿಂದ. ಬಣ್ಣದ ಫಿಲ್ಮಿನಲ್ಲಿ ಧೂಳು ಹುಡುಕಲು ಅವಗೆಂಪು (ಇನ್‌ಫ್ರಾರೆಡ್) ಕಿರಣ ಬಳಸುತ್ತಾರೆ. ಬಣ್ಣದ ಪದರ ಅದನ್ನು ಹಾಯಬಿಡುತ್ತದೆ, ಧೂಳು ತಡೆಯುತ್ತದೆ, ಧೂಳಿನ ನಕ್ಷೆ ತಾನಾಗಿ ಸಿಗುತ್ತದೆ. ಕಪ್ಪು-ಬಿಳುಪಿನಲ್ಲಿ ಈ ದಾರಿ ಮುಚ್ಚಿದೆ, ಯಾಕೆಂದರೆ ಬೆಳ್ಳಿಯೂ ಅವಗೆಂಪನ್ನು ತಡೆಯುತ್ತದೆ. ಎದುರಿನ ವಾದದವರು ಕೊಂಡಾಡಿದ ಅದೇ ಬೆಳ್ಳಿ. ಹಾಗಾಗಿ ತಂತ್ರಾಂಶ ಊಹೆಗೆ ಇಳಿಯುತ್ತದೆ: ಒಂದೇ ಫ್ರೇಮಿನಲ್ಲಿ ಕಂಡು ಹಿಂದಿನದರಲ್ಲೂ ಮುಂದಿನದರಲ್ಲೂ ಇಲ್ಲದ್ದು ಧೂಳು. ಮಳೆಯ ಹನಿಯೂ ಹಾಗೆಯೇ ಅಲ್ಲವೇ? ಕೋಲದ ದೊಂದಿಯಿಂದ ಹಾರುವ ಕಿಡಿ, ಹುಣಿ ಹಾರುವಾಗ ಚಿಮ್ಮುವ ಕೆಸರು, ಭತ್ತ ಬಡಿಯುವಾಗ ಎದ್ದ ಹೊಟ್ಟು, ಯಕ್ಷಗಾನದ ಕಿರೀಟದ ಮೇಲೆ ಮಿಂಚುವ ಚುಕ್ಕೆ, ಎಲ್ಲವೂ ಒಂದು ಫ್ರೇಮಿನ ಆಯುಸ್ಸಿನವು. ಕರಾವಳಿಯ ಚಿತ್ರದಿಂದ ಇವನ್ನೆಲ್ಲ ಒರೆಸಿದರೆ ಏನು ಉಳಿಯಿತು?

ಇದು ಬರೀ ಅಂಜಿಕೆಯಲ್ಲ. 1941ರ ‘ಸಿಟಿಜನ್ ಕೇನ್’ 2001ರಲ್ಲಿ ಡಿವಿಡಿಯಾಗಿ ಬಂದಾಗ ಒಂದು ದೃಶ್ಯದಲ್ಲಿ ಕಿಟಕಿಯಾಚೆ ಸುರಿಯುತ್ತಿದ್ದ ಮಳೆ ಅಳಿಸಿಹೋಗಿತ್ತು. ಹತ್ತು ವರ್ಷದ ಮೇಲೆ ಬಂದ ಬ್ಲೂ-ರೇಯಲ್ಲಿ ಮಳೆ ಮರಳಿತು, ಸರಿ. ಜಗತ್ತಿನ ಅತಿ ಹೆಸರಾಂತ ಚಿತ್ರವಾದ್ದರಿಂದ ಎರಡನೇ ಸಲ ದುಡ್ಡು ಹಾಕಲು ಜನ ಸಿಕ್ಕಿದರು. 1970ರ ದಶಕದ ಒಂದು ತುಳು ಚಿತ್ರಕ್ಕೆ ಒಮ್ಮೆ ಎಚ್‌ಡಿ ಎಂಬ ಮುದ್ರೆ ಬಿದ್ದ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡುತ್ತೇವೆಂದು ಯಾರು ಬರುತ್ತಾರೆ? ಅದಾಗಿದೆಯಲ್ಲ ಎನ್ನುತ್ತಾರೆ. ಕೆಟ್ಟ ವಿಸಿಡಿಯನ್ನು ನೋಡಿದವನಿಗೆ ಇದು ಕೆಟ್ಟದ್ದೆಂದು ಗೊತ್ತಿರುತ್ತದೆ. ಕೆಟ್ಟ ಎಚ್‌ಡಿಯನ್ನು ನೋಡಿದವನು ಚಿತ್ರವೇ ಹಾಗಿತ್ತು ಎಂದುಕೊಳ್ಳುತ್ತಾನೆ.

ಅಗಲ ಟಿವಿ ತುಂಬಿಸುವ ಚಪಲ ಬೇರೆ. 4:3 ಚಿತ್ರವನ್ನು 16:9ಕ್ಕೆ ಹಿಗ್ಗಿಸಿ ಮೇಲೆ ಕೆಳಗೆ ಕತ್ತರಿಸಿದರೆ ಎತ್ತರದ ಕಾಲು ಭಾಗ ಹೋಯಿತು. ಬಡಗು ಯಕ್ಷಗಾನದ ಕೇದಗೆಮುಂದಲೆಯ ತುದಿ ಹೋಗುತ್ತದೆ, ಕುಣಿಯುವ ಕಾಲು ಹೋಗುತ್ತದೆ. ಕತ್ತರಿಸದೆ ಎಳೆದರೆ ಎಲ್ಲರೂ ಕುಳ್ಳು, ದಡೂತಿ. ಇನ್ನು ಬಣ್ಣ ಹಚ್ಚುವ ಕಸುಬು. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಬಂತು. ಜನ ನೋಡಿದರು, ಅದನ್ನು ಅಲ್ಲಗಳೆಯಲಾಗದು. ಆದರೆ ಬೂದುಬಣ್ಣಕ್ಕೆಂದೇ ಆರಿಸಿದ ಸೀರೆ, ಬೂದುಬಣ್ಣಕ್ಕೆಂದೇ ಇಟ್ಟ ದೀಪ ಬಣ್ಣದಡಿ ಅರ್ಥ ಕಳೆದುಕೊಳ್ಳುತ್ತವೆ. ಮೈಸೂರಿನ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೋದೊಳಗೆ ತಂದು ಕೋಲಾಗಿ ಬೀಳಿಸಿದ್ದು ಬಿಳುಪು ಕಪ್ಪಿನ ಎದುರು ನಿಲ್ಲಲೆಂದು. ಆ ಚಿತ್ರದ ನಿರ್ದೇಶಕ ಗುರುದತ್ತರ ಮನೆತನದ ಹೆಸರಿನಲ್ಲಿರುವುದು ಕುಂದಾಪುರದಾಚೆಯ ಪಡುಕೋಣೆ. ಆ ಬೆಳಕಿನ ಕೋಲಿಗೆ ಹಳದಿ ಬಳಿಯುವ ಯೋಚನೆ ಯಾರಿಗೂ ಬಾರದಿರಲಿ.

ಈಗ ಮನೆಯ ಲೆಕ್ಕ. ನಮ್ಮ ಕಡೆಯ ಚಾವಡಿಗಳಲ್ಲಿ ಸಾಮಾನ್ಯವಾದ 43 ಇಂಚಿನ ಟಿವಿ ತೆಗೆದುಕೊಳ್ಳಿ. ಪರದೆಯ ಎತ್ತರ 53.5 ಸೆಂಟಿಮೀಟರ್. 4:3 ಚಿತ್ರಕ್ಕೆ ಸಿಗುವ ಅಗಲ 71 ಸೆಂಟಿಮೀಟರ್, ಅಂದರೆ ನೋಡುತ್ತಿರುವುದು 35 ಇಂಚಿನ ಚಿತ್ರ. ಸರಿಯಾದ ಕಣ್ಣು 1080 ಗೆರೆಗಳನ್ನು ಬೇರೆ ಬೇರೆಯಾಗಿ ಕಾಣಬೇಕಾದರೆ ಚಿತ್ರದ ಎತ್ತರದ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು ದೂರದೊಳಗೆ ಕೂರಬೇಕು, ಇಲ್ಲಿ 1.7 ಮೀಟರ್. 576 ಗೆರೆಗೆ ಆರು ಪಟ್ಟು, 3.2 ಮೀಟರ್. ಸೋಫಾ ಗೋಡೆಗೆ ತಾಗಿಸಿ, ಟಿವಿ ಎದುರುಗೋಡೆಗೆ ಹೊಡೆದ ಮನೆಯಲ್ಲಿ ದೂರ 10 ಅಡಿ, 3 ಮೀಟರ್. ಆ ದೂರದಲ್ಲಿ ಒಳ್ಳೆಯ ಡಿವಿಡಿಯ ಗೆರೆಗಳೇ ಕಣ್ಣಿನ ಮಿತಿಗೆ ಬಂದು ಮುಟ್ಟಿವೆ. ಹೆಚ್ಚಿನ 11 ಲಕ್ಷ ಚುಕ್ಕೆ ಸೋಫಾ ತಲುಪುವುದೇ ಇಲ್ಲ. ಸೋಫಾವನ್ನು ಐದೂವರೆ ಅಡಿಗೆ ಎಳೆದುಕೊಂಡು ಕೂರುವ ಮನೆ ಎಷ್ಟಿವೆ?

220 ಮೆಟ್ಟಿಲಿನ ಮಾತು ಡಿಸ್ಕಿನ ಮಟ್ಟಿಗೆ ನಿಜ. ಆದರೆ ಮಂಗಳೂರಿನಲ್ಲಿ ಇವತ್ತು ಬ್ಲೂ-ರೇ ಪ್ಲೇಯರ್ ಇರುವ ಮನೆ ಹುಡುಕಬೇಕು. ಜನ ನೋಡುವುದು ಸ್ಟ್ರೀಮಿಂಗ್‌ನಲ್ಲಿ, ಯೂಟ್ಯೂಬಿನಲ್ಲಿ. 1080ಪಿಗೆ 5 ಮೆಗಾಬಿಟ್ ಇದ್ದರೆ ಸಾಕು ಎನ್ನುವ ಲೋಕ ಅದು. 5 ಮೆಗಾಬಿಟ್‌ನಲ್ಲಿ ಎನ್‌ಕೋಡರ್ (ಚಿತ್ರವನ್ನು ಕಿರಿದಾಗಿಸುವ ತಂತ್ರಾಂಶ) ಮೊದಲು ಕೈಬಿಡುವುದೇ ಕತ್ತಲನ್ನು, ಕಣವನ್ನು. ಕತ್ತಲ ಮೂಲೆಯಲ್ಲಿ ಯಾರೂ ನೋಡುವುದಿಲ್ಲ ಎಂಬುದು ಅದರ ಲೆಕ್ಕಾಚಾರ. ಕಪ್ಪು-ಬಿಳುಪು ಚಿತ್ರದಲ್ಲಿ ಕಥೆ ನಡೆಯುವುದೇ ಆ ಮೂಲೆಯಲ್ಲಿ. ಅಗ್ಗದ ಟಿವಿಗಳಲ್ಲಿರುವ ಐಪಿಎಸ್ ಬಗೆಯ ಪರದೆಯ ಕಪ್ಪು-ಬಿಳುಪಿನ ಅಂತರವೂ 1000ಕ್ಕೆ 1ರ ಆಸುಪಾಸು. ದೀಪ ಆರಿಸಿ ಕೂತರೆ ಕಪ್ಪು ಎಂಬುದು ಬೂದಿಯಂತೆ ಹೊಳೆಯುತ್ತದೆ. ವಿಎ ಪರದೆ ಪರವಾಗಿಲ್ಲ, ಒಎಲ್‌ಇಡಿ ಒಳ್ಳೆಯದು, ಬೆಲೆಯೂ ಹಾಗೆಯೇ ಇದೆ.

ತೀರಾ ಸ್ಪಷ್ಟವಾದರೂ ಕಷ್ಟ ತಪ್ಪದು. ಛಾಯಾಗ್ರಾಹಕ ದೀಪ ಇಟ್ಟದ್ದು ಪ್ರಿಂಟನ್ನು ಮನಸ್ಸಿನಲ್ಲಿಟ್ಟುಕೊಂಡು. ಪ್ರತಿ ನಕಲಿನಲ್ಲೂ ಸ್ವಲ್ಪ ವಿವರ ಕರಗುತ್ತದೆಂದು ಅವರಿಗೆ ಗೊತ್ತಿತ್ತು, ಮೇಕಪ್‌ನವರಿಗೂ ಗೊತ್ತಿತ್ತು. ಪೌರಾಣಿಕ ಚಿತ್ರದ ವಿಗ್ಗಿನ ಜಾಲರಿ, ಗಡ್ಡದ ಅಂಟು, ಬಟ್ಟೆಯ ಮೇಲೆ ಬರೆದ ಅರಮನೆ, ಆಕಾಶದಲ್ಲಿ ಹಾರುವ ದೇವರ ಸೊಂಟದ ತಂತಿ ಪ್ರಿಂಟಿನಲ್ಲಿ ಮರೆಯಾಗುತ್ತಿದ್ದವು. ನೆಗೆಟಿವ್‌ನಿಂದ ನೇರ 4ಕೆಗೆ ತಂದರೆ ಎಲ್ಲವೂ ಎದ್ದು ಕಾಣುತ್ತವೆ. ಆಗ ತಂತಿಯನ್ನು ಅಳಿಸೋಣ ಎಂದು ಯಾರೋ ಹೊರಡುತ್ತಾರೆ, ಮತ್ತೆ ಅದೇ ತಂತ್ರಾಂಶ.

ಕೊನೆಯದಾಗಿ ಹಣ ಎಲ್ಲಿಗೆ ಹೋಗಬೇಕು ಎಂಬುದು. 1950ರ ದಶಕದಿಂದೀಚಿನ ಹಳೆಯ ಫಿಲ್ಮುಗಳಲ್ಲಿ ಹೆಚ್ಚಿನವು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನವು. ಸೆಖೆ, ತೇವ ಸೇರಿದರೆ ಅಸಿಟೇಟ್ ಒಡೆದು ವಿನೆಗರಿನ ವಾಸನೆ ಬಿಡುತ್ತದೆ. ಒಮ್ಮೆ ಶುರುವಾದರೆ ಹೊರಬಿದ್ದ ಆಮ್ಲವೇ ಮುಂದಿನ ಕೊಳೆತಕ್ಕೆ ತುಪ್ಪ ಸುರಿಯುತ್ತದೆ, ಪಕ್ಕದ ಡಬ್ಬಿಗೂ ಹಬ್ಬುತ್ತದೆ. 21 ಡಿಗ್ರಿ, ಶೇ 50 ಆರ್ದ್ರತೆಯಲ್ಲಿಟ್ಟ ಹೊಸ ಫಿಲ್ಮಿಗೇ ಸುಮಾರು 40 ವರ್ಷದಲ್ಲಿ ಇದು ಶುರುವಾಗುತ್ತದೆಂಬ ಅಂದಾಜಿದೆ. ಮಳೆಗಾಲದಲ್ಲಿ ಶೇ 80 ದಾಟುವ ನಮ್ಮ ಊರಿನ ಅಟ್ಟದ ಮೇಲಿನ ಡಬ್ಬಿಯ ಗತಿ ಹೇಳಬೇಕಾಗಿಲ್ಲ. ಅಂಥ ರೀಲು ಇದ್ದವರು ಮೊದಲು ಮಾಡಬೇಕಾದ್ದು ಸ್ಕ್ಯಾನ್ ಅಲ್ಲ. ಡಬ್ಬಿಯೊಳಗೆ ಎ-ಡಿ ಸ್ಟ್ರಿಪ್ ಎಂಬ ಕಾಗದದ ತುಂಡು ಇಡಬೇಕು; ನೀಲಿ ಇದ್ದರೆ ಆರೋಗ್ಯ, ಹಸಿರಿಗೆ ತಿರುಗಿದರೆ ಎಚ್ಚರ, ಹಳದಿಯಾದರೆ ಕೂಡಲೇ ಬೇರೆ ರೀಲುಗಳಿಂದ ಪ್ರತ್ಯೇಕಿಸಿ ತಣ್ಣಗಿನ ಜಾಗಕ್ಕೆ ಸಾಗಿಸಬೇಕು. ತುಕ್ಕು ಹಿಡಿದ ತಗಡಿನ ಡಬ್ಬಿ ಬಿಸಾಡಿ ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಕು. ಇದಕ್ಕೆ ಖರ್ಚು ಕಡಿಮೆ. ನಾಳೆ ಒಳ್ಳೆಯ ಸ್ಕ್ಯಾನರು ಬಂದಾಗ ಫಿಲ್ಮ್ ಇರುತ್ತದೆ. ಡಿಜಿಟಲ್ ಫೈಲು ಶಾಶ್ವತ ಎಂಬ ನಂಬಿಕೆಯೂ ಬೇಡ: ಎಲ್‌ಟಿಒ-6 ಎಂಬ ಕಂಪ್ಯೂಟರ್ ಟೇಪುಗಳಲ್ಲಿಟ್ಟ 8.6 ಟೆರಾಬೈಟನ್ನು ಎಲ್‌ಟಿಒ-8 ಡ್ರೈವ್ ಓದುವುದೇ ಇಲ್ಲ.

ಸ್ಕ್ಯಾನ್ ಮಾಡಿಯೇ ಆಯಿತು ಎಂದಾದರೆ ಮೊದಲ ಪ್ರತಿ ಮನೆಗಲ್ಲ, ಪುರಭವನಕ್ಕೆ ಹೋಗಲಿ. ಸಿನೆಮಾ ಮಂದಿರಕ್ಕೆ ಮಾಡುವ ಡಿಸಿಪಿ ಎಂಬ ಡಿಜಿಟಲ್ ಪ್ರತಿ 12 ಬಿಟ್, ಸೆಕೆಂಡಿಗೆ 250 ಮೆಗಾಬಿಟ್‌ವರೆಗೆ. ಸ್ಟ್ರೀಮಿಂಗ್‌ನ 5ರ ಮುಂದೆ ಐವತ್ತು ಪಟ್ಟು. ಹನ್ನೆರಡು ಅಡಿ ಎತ್ತರದ ಪರದೆ, ಕತ್ತಲ ಕೋಣೆ, ಮುನ್ನೂರು ಜನ ಇದ್ದಲ್ಲಿ ಆ ಬೂದುಬಣ್ಣಕ್ಕೆ ಜಾಗವಿದೆ. ಆಮೇಲೆ ಮನೆಗೆ ಕೊಡುವವರು ಕೊಡಲಿ, ಆದರೆ ಪೆಟ್ಟಿಗೆಯ ಹಿಂಬದಿಯಲ್ಲೋ ಪರದೆಯ ಮೊದಲ ಫಲಕದಲ್ಲೋ ನಾಲ್ಕು ಸಂಗತಿ ಬರೆದಿರಬೇಕು: ಸ್ಕ್ಯಾನ್ ಮಾಡಿದ್ದು ಮೂಲ ನೆಗೆಟಿವ್‌ನಿಂದಲೋ ಪ್ರಿಂಟಿನಿಂದಲೋ ಟೇಪಿನಿಂದಲೋ, ಯಾವ ವರ್ಷ ಎಷ್ಟು ಕೆಯಲ್ಲಿ, ಚಿತ್ರದ ಮೂಲ ಅಳತೆ ಹಾಗೇ ಇದೆಯೋ ಇಲ್ಲವೋ, ಕಣ ತೆಗೆಯುವ ತಂತ್ರಾಂಶ ಬಳಸಿದ್ದಾರೋ ಇಲ್ಲವೋ. ಇವಿಷ್ಟು ಬರೆಯದ ಎಚ್‌ಡಿಗೆ ಹೆಚ್ಚಿನ ದುಡ್ಡು ಕೊಡಬೇಕಾಗಿಲ್ಲ.